ಖಾಲಿ ಜಾಗ ಅಂತ ಬರೆದು ಪೇಚಿಗೆ ಸಿಕ್ಕಿದ್ದು

ನಾನು ಗದಗ ಕಡೆಯವನು. ಕಪ್ಪತಗುಡ್ಡದ ಸುತ್ತ ಗಾಳಿ ಫ್ಯಾನುಗಳಿಗೆ ಜಾಗ ನೋಡುವ ಸರ್ವೆ ಕೆಲಸದಲ್ಲಿದ್ದೆ. ಅಲ್ಲಿಂದ ಕಂಪನಿಯವರು ಅದೇ ಕೆಲಸಕ್ಕೆ ರಾಜಸ್ಥಾನದ ಜೈಸಲ್ಮೇರ್‌ಗೆ ಕಳಿಸಿದರು.

ಹೊರಡುವ ಮುಂಚೆ ಸ್ಯಾಟಲೈಟ್ ಚಿತ್ರ ತೆರೆದು ನೋಡಿದರೆ ಬರೀ ಕಂದು ಬಣ್ಣ. ಜಿಲ್ಲೆಯ ವಿಸ್ತೀರ್ಣ 38,401 ಚದರ ಕಿಲೋಮೀಟರ್, ಹೆಚ್ಚುಕಮ್ಮಿ ಇಡೀ ಕೇರಳದಷ್ಟು. ಜನ ಮಾತ್ರ 2011ರ ಗಣತಿಯಲ್ಲಿ ಏಳು ಲಕ್ಷಕ್ಕೂ ಕಡಿಮೆ, ಚದರ ಕಿಲೋಮೀಟರ್‌ಗೆ 17 ಮಂದಿ. ನಮ್ಮೂರ ಸಂತೆಯಲ್ಲಿ ಒಂದು ಬದನೆಕಾಯಿ ಗುಡ್ಡೆ ಮುಂದೆಯೇ ಅಷ್ಟು ಜನ ಇರುತ್ತಾರೆ, ಅಲ್ವಾ? ಕೆಲಸ ಸಲೀಸು ಅಂದುಕೊಂಡೆ.

ಪರ್ಮಿಷನ್ನಿಗೇ ಮೊದಲು ಸುಸ್ತಾಯಿತು. ಪಾಕಿಸ್ತಾನದ ಜೊತೆ 450 ಕಿಲೋಮೀಟರ್‌ಗೂ ಜಾಸ್ತಿ ಗಡಿ ಇರುವ ಜಿಲ್ಲೆ ಅದು. ಗಡಿ ಹತ್ತಿರದ ಹಳ್ಳಿಗಳಿಗೆ ಹೊರಗಿನವರು ಹೋಗಬೇಕಾದರೆ ಎಸ್‌ಡಿಎಂ ಆಫೀಸಿನ ಕಾಗದ ಬೇಕು (ನಮ್ಮಲ್ಲಿ ಅಸಿಸ್ಟೆಂಟ್ ಕಮಿಷನರ್ ಇದ್ದ ಹಾಗೆ). ಆಮೇಲೆ ಬಿಎಸ್‌ಎಫ್‌ನವರು ಬೇರೆ ಕೇಳುತ್ತಾರೆ. ಊರು ಅಂದರೂ ಒಂದೇ ಕಡೆ ಇರಲ್ಲ. ನಾಲ್ಕು ಮನೆ ಇಲ್ಲೊಂದು ಕಡೆ, ಇನ್ನೈದು ಮನೆ ಮೂರು ಕಿಲೋಮೀಟರ್ ಆಚೆ. ಅದಕ್ಕೆ 'ಢಾಣಿ' ಅನ್ನುತ್ತಾರೆ.

ಪಟವಾರಿ (ಊರಿನ ಜಮೀನಿನ ಲೆಕ್ಕ ಇಡುವವರು) ಹತ್ತಿರ ಜಮಾಬಂದಿ ತೆಗೆಸಿದೆ, ನಮ್ಮ ಪಹಣಿಯಂಥದ್ದು. ನಾನು ಗುರುತು ಹಾಕಿದ್ದ ಜಾಗದ ಮುಂದೆ 'ಸಿವಾಯ್ ಚಕ್' ಅಂತಿತ್ತು. ಅಂದರೆ ಯಾರ ಹೆಸರಿಗೂ ಇಲ್ಲದ ಸರ್ಕಾರಿ ನೆಲ. ಸಂತೋಷವಾಗಿ 'ಖಾಲಿ' ಅಂತ ಬರೆದು ರಿಪೋರ್ಟ್ ಕಳಿಸಿಬಿಟ್ಟೆ.

ಎರಡನೇ ಸಲ ಗೂಟ ಹೊಡೆಯೋಕೆ ಹೋದಾಗ ಐದಾರು ಜನ ಬಂದು ನಿಂತರು. ಜಗಳ ಏನಿಲ್ಲ, ಮೊದಲು ಚಹಾ ಕೊಟ್ಟರು. ಅವರಲ್ಲಿ ಹಿರಿಯರೊಬ್ಬರು, ಎಲ್ಲರೂ 'ಕಾಕಾ ಸಾ' ಅನ್ನುತ್ತಿದ್ದವರು, "ಬೇಟಾ, ಇದು ಓರಣ್" ಅಂದರು. ದೇವಿಗೆ ಬಿಟ್ಟ ನೆಲ. ಅಲ್ಲಿ ಮರಕ್ಕೆ ಕೊಡಲಿ ಹಾಕುವ ಹಾಗಿಲ್ಲ, ಒಂಟೆ-ಕುರಿ ಮೇಯಬಹುದು. ನಮ್ಮ ದೇವರ ಕಾಡು, ಗೋಮಾಳ ಎರಡೂ ಸೇರಿದ ಹಾಗೆ. ಆಮೇಲೆ ಅರ್ಧ ದಿನ ನಡೆಸಿಕೊಂಡು ತೋರಿಸಿದರು. ನಾನು ಒಣಹುಲ್ಲು ಅಂದುಕೊಂಡಿದ್ದು ಸೇವಣ್, ದನಕರುಗಳ ಜೀವ. ಸುಮ್ನೆ ತಗ್ಗು ಅಂತ ಬಿಟ್ಟಿದ್ದು ಮಳೆನೀರು ನಿಲ್ಲುವ ಕೆರೆ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ಬೀಳದ ಕಡೆ ಆ ನೀರು ಎಷ್ಟು ಮುಖ್ಯ ಅಂತ ನನ್ನ ಸ್ಯಾಟಲೈಟ್ ಚಿತ್ರ ಹೇಳಲಿಲ್ಲ. ಇಂದಿರಾ ಗಾಂಧಿ ಕಾಲುವೆ ಪಂಜಾಬಿನ ಹರಿಕೆಯಿಂದ ಇಲ್ಲಿನವರೆಗೆ ಬಂದಿದೆ ನಿಜ, ಆದರೆ ಅದರ ನೀರು ಎಲ್ಲ ಢಾಣಿಗೂ ಹೋಗಲ್ಲ.

ಹಕ್ಕಿ ವಿಷಯವೂ ಇತ್ತು. ಅವರು ಗೋಡಾವಣ್ ಅನ್ನುವುದು ನಮ್ಮ ಸಿರುಗುಪ್ಪ ಕಡೆ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತವೇ. ಅದಕ್ಕೆ ಎದುರಿನ ಕರೆಂಟ್ ತಂತಿ ಸರಿಯಾಗಿ ಕಾಣಲ್ಲ, ಮೈ ಭಾರ, ತಕ್ಷಣ ತಿರುಗೋಕೂ ಆಗಲ್ಲ, ತಂತಿಗೆ ಬಡಿದು ಸಾಯುತ್ತೆ. ಕರೆಂಟ್ ಲೈನನ್ನು ನೆಲದಡಿ ಹಾಕಿ ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿತ್ತು, 2024ರಲ್ಲಿ ಆ ಆದೇಶ ಸಡಿಲವಾಯಿತು. ಓರಣ್ ಹೋದರೆ ಆ ಹಕ್ಕಿಗೂ ಜಾಗ ಕಡಿಮೆ.

ರಿಪೋರ್ಟ್ ವಾಪಸ್ ತಗೊಂಡೆ. ಆಫೀಸಲ್ಲಿ ಬೈಗುಳ ಬಿತ್ತು, ಮೂರು ವಾರ ತಡವಾಯಿತು. ದಾಖಲೆಯಲ್ಲಿ ಸರ್ಕಾರಿ ಅಂತಿದೆಯಲ್ಲ, ನಿಂಗೇನು ಅಂತ ಬಾಸ್ ಕೇಳಿದರು. ಕಾನೂನಿನ ಪ್ರಕಾರ ಅವರು ಹೇಳಿದ್ದು ತಪ್ಪೇನಲ್ಲ. ಆದರೆ ಪಟವಾರಿ ಪುಸ್ತಕ ಒಡೆಯ ಯಾರು ಅಂತ ಹೇಳುತ್ತದೆ, ಅಲ್ಲಿ ಯಾರು ಬದುಕುತ್ತಾರೆ ಅಂತ ಹೇಳಲ್ಲ. ಈಗ ನನ್ನ ಫಾರ್ಮಿನಲ್ಲಿ ನಾನೇ ಒಂದು ಕಾಲಂ ಸೇರಿಸಿದ್ದೇನೆ: ಇಲ್ಲಿ ಯಾರ ದನ ಮೇಯುತ್ತೆ, ಎಲ್ಲಿ ನೀರು ಕುಡಿಯುತ್ತೆ.

ರಜೆಗೆ ಊರಿಗೆ ಬಂದಾಗ ಕಪ್ಪತಗುಡ್ಡದ ಹಳೇ ಫೈಲು ತೆರೆದೆ. ಎರಡು ಸರ್ವೆ ನಂಬರ್ ಮುಂದೆ ನನ್ನದೇ ಕೈಬರಹದಲ್ಲಿ 'ಖಾಲಿ' ಅಂತಿದೆ. ಆ ಕಡೆ ಒಬ್ಬ ಕುರಿಗಾಹಿಯನ್ನೂ ನಾನು ಮಾತಾಡಿಸಿರಲಿಲ್ಲ.