ಮುಖ ಅರ್ಧ ಯಾಕೆ ಕಪ್ಪು?

22 ಜನವರಿ 2025, ಬುಧವಾರ

ಇವತ್ತು ಉತ್ತರ ಚೀನಾದ ಮನೆಗಳಲ್ಲಿ ಒಲೆದೇವರನ್ನು ಕಳಿಸಿಕೊಡುವ ದಿನ. ಅವರ ಲೆಕ್ಕದಲ್ಲಿ ಹನ್ನೆರಡನೇ ತಿಂಗಳ 23. ವರ್ಷವಿಡೀ ಅಡುಗೆಮನೆ ಗೋಡೆಯ ಮೇಲೆ ಹೊಗೆ ಕುಡಿಯುತ್ತ ಕೂತ ದೇವರು ಮೇಲಕ್ಕೆ ಹೋಗಿ ಮನೆಯವರ ವರದಿ ಒಪ್ಪಿಸುತ್ತಾನಂತೆ. ಚಾಡಿ ಹೇಳದಿರಲಿ ಅಂತ ಮೊದಲೇ ಬಾಯಿಗೆ ಸಿಹಿ ಮೆತ್ತುತ್ತಾರೆ. ಆಮೇಲೆ ಚಿತ್ರವನ್ನು ಸುಟ್ಟುಬಿಡುತ್ತಾರೆ. ಹೊಸವರ್ಷಕ್ಕೆ ಹೊಸ ಹಾಳೆ. ದೇವರಿಗೇ ಲಂಚ!

ಇಂಥ ಹೊಸವರ್ಷದ ಅಚ್ಚಿನ ಚಿತ್ರಗಳಿಗೆ ನ್ಯೆನ್‌ಹುವಾ ಅಂತ ಹೆಸರು. ತಿಯೆನ್‌ಜಿನ್ ಹತ್ತಿರದ ಯಾಂಗ್‌ಲಿಯುಚಿಂಗ್‌ನಲ್ಲಿ ಗೆರೆಗಳನ್ನು ಅಚ್ಚು ಹಾಕಿ, ಮುಖ, ಬಟ್ಟೆಗೆಲ್ಲ ಕೈಯಲ್ಲಿ ಬಣ್ಣ ತುಂಬುತ್ತಾರೆ. ಸುಝೌನ ತಾವ್‌ಹುವಾವುನಲ್ಲಿ ಬಣ್ಣಕ್ಕೊಂದು ಹಲಗೆ. ಕೆತ್ತಿದ ಹಲಗೆಗೆ ನೀರಿನ ಬಣ್ಣ ಬಳಿದು, ಮೇಲೆ ಕಾಗದ ಹಾಸಿ, ನಾರಿನ ಬ್ರಷ್‌ನಿಂದ ಉಜ್ಜುವುದು. ಬರೆಯುವವರು ಒಬ್ಬರು, ಕೆತ್ತುವವರು ಇನ್ನೊಬ್ಬರು, ಅಚ್ಚು ತೆಗೆಯುವವರು ಮತ್ತೊಬ್ಬರು.

ಚೀನಾದ ಆಧುನಿಕ ಮರದಚ್ಚಿನ ಕಲೆ ಇಲ್ಲಿಂದ ಹುಟ್ಟಲಿಲ್ಲ, ಅದೇ ತಮಾಷೆ. 1931ರ ಆಗಸ್ಟ್‌ನಲ್ಲಿ ಸಾಹಿತಿ ಲು ಷುನ್ ಶಾಂಘಾಯ್‌ನಲ್ಲಿ ಆರು ದಿನದ ಶಿಬಿರ ಮಾಡಿಸಿದ. ಕಲಿಯಲು ಬಂದವರು 13 ಜನ. ಕಲಿಸಿದ್ದು ಉಚಿಯಾಮಾ ಕಾಕಿಚಿ ಎಂಬ ಜಪಾನಿ, ಅನುವಾದ ಮಾಡಿ ಹೇಳಿದ್ದು ಲು ಷುನ್. ಮರದಚ್ಚಿನ ತವರಿಗೇ ಜಪಾನಿನ ಮೇಷ್ಟ್ರು! ಲು ಷುನ್‌ಗೆ ಜರ್ಮನಿಯ ಅಚ್ಚುಚಿತ್ರ ಕಲಾವಿದೆ ಕೆಥೆ ಕೋಲ್ವಿಟ್ಸ್ ಅಂದರೆ ಪ್ರಾಣ. ಚಿತ್ರ ಬರೆಯುವವನೇ ಕೆತ್ತಬೇಕು, ಅವನೇ ಅಚ್ಚು ತೆಗೆಯಬೇಕು ಅನ್ನುವುದು ಹೊಸ ಪಾಠ. 1935ರಲ್ಲಿ ಲಿ ಹುವಾ ಕೆತ್ತಿದ ಚಿತ್ರ ನೋಡಿ: ಕಣ್ಣಿಗೆ ಬಟ್ಟೆ, ಮೈತುಂಬ ಹಗ್ಗ, ಬಾಯಿ ಬಿಟ್ಟು ಅರಚುತ್ತಿರುವ ಬೆತ್ತಲೆ ಮನುಷ್ಯ. ಒಂದೊಂದು ಗೆರೆಯೂ ಸೆಟೆದು ನಿಂತಿದೆ.

ಜಪಾನಿನ ಜೊತೆ ಯುದ್ಧ ಬಂತು. ಕಲಾವಿದರು ಉಳಿ ಹಿಡಿದು ಕಮ್ಯುನಿಸ್ಟರ ನೆಲೆಯಾಗಿದ್ದ ಯೆನಾನ್‌ನ ಹಳ್ಳಿಗಳ ಕಡೆ ಹೋದರು. ಅಲ್ಲಿನ ರೈತರು ಅಚ್ಚು ನೋಡಿ ಕೇಳಿದ್ದು ಒಂದೇ: ಮುಖ ಅರ್ಧ ಯಾಕೆ ಕಪ್ಪು? ಯುರೋಪಿನ ನೆರಳು-ಬೆಳಕು ಅವರಿಗೆ ಮಸಿ ಬಳಿದ ಹಾಗೆ ಕಾಣಿಸಿತು. ಕೇಳಿದ್ದು ಸರಿಯಾಗೇ ಇತ್ತಲ್ವಾ? ಗೋಡೆಗೆ ಅಂಟಿಸುವ ಮುಖ ಬೆಳ್ಳಗೆ ತುಂಬಿಕೊಂಡಿರಬೇಕು ಅಂತ ಬಲ್ಲವರು ಅವರು.

ಆ ಕಲಾವಿದರಲ್ಲೊಬ್ಬನಾದ ಗು ಯುವಾನ್ ಇದನ್ನು ಕಿವಿಗೆ ಹಾಕಿಕೊಂಡ. ವಿಚ್ಛೇದನ ಕೇಳಲು ಅಧಿಕಾರಿಯ ಮೇಜಿನ ಮುಂದೆ ಬಂದ ಹೆಂಗಸಿನ ಚಿತ್ರವನ್ನು ಅವನು ಎರಡು ಸಲ ಕೆತ್ತಿದ್ದಾನೆ. ಮೊದಲನೆಯದರಲ್ಲಿ ಒತ್ತೊತ್ತು ಗೀರು, ಕೋಣೆಯೆಲ್ಲ ಕತ್ತಲು. 1943ರದ್ದರಲ್ಲಿ ಗೀರುಗಳೆಲ್ಲ ಮಾಯ. ತೆಳುವಾದ ಹೊರಗೆರೆ, ಬಿಳಿ ಮುಖ, ಯಾರು ಯಾರ ಕಡೆ ನೋಡುತ್ತಿದ್ದಾರೆ ಅಂತ ಥಟ್ಟನೆ ತಿಳಿಯುತ್ತದೆ. ಎರಡನ್ನೂ ಪರದೆ ಮೇಲೆ ಪಕ್ಕಪಕ್ಕ ಇಟ್ಟು ತುಂಬ ಹೊತ್ತು ನೋಡಿದೆ.

ಹೊಸವರ್ಷಕ್ಕೆ ಬಾಗಿಲಿಗೆ ಅಂಟಿಸುವ ಕಾವಲು ದೇವರ ಚಿತ್ರವೂ ಹೀಗೇ ಬದಲಾಯಿತು. ಟಾಂಗ್ ಕಾಲದ ಸೇನಾಪತಿಗಳಾದ ಚಿನ್ ಚ್ಯೋಂಗ್, ಯುಚಿ ಗೋಂಗ್ ನಿಲ್ಲುವ ಜಾಗದಲ್ಲಿ ಯಾನ್ ಹಾನ್ ಎಂಬ ಇನ್ನೊಬ್ಬ ಕಲಾವಿದ ಬಂದೂಕಿನ ಸೈನಿಕನನ್ನು ನಿಲ್ಲಿಸಿದ. ಅದೇ ಎದೆಯುಬ್ಬಿದ ಭಂಗಿ, ಅದೇ ಗಟ್ಟಿ ಬಣ್ಣ. ಪ್ರಚಾರವೇ ಹೌದು, ಮುಚ್ಚಿಡುವಂಥದ್ದೇನಿಲ್ಲ. ಈ ಸೈನಿಕ ನನಗೆ ಸ್ವಲ್ಪ ಜಾಸ್ತಿಯೇ ನೀಟಾಗಿ ಕಾಣುತ್ತಾನೆ. ಹಳೇ ಸೇನಾಪತಿಗಳ ಗುಡ್ಡೆಗಣ್ಣು, ಹಾರಾಡುವ ಗಡ್ಡ ಅವನಿಗೆಲ್ಲಿಂದ ಬರಬೇಕು?

ಗು ಯುವಾನ್ ವಿಷಯದಲ್ಲಿ ಮಾತ್ರ ನನ್ನ ಓಟು ರೈತರಿಗೇ. ಎರಡನೆಯದೇ ಒಳ್ಳೆಯ ಚಿತ್ರ.