ವರ್ಚುವಲ್ ಎನ್ವಿರಾನ್ಮೆಂಟ್ ಪ್ರಾಜೆಕ್ಟಿನೊಳಗೇ ಇರಲಿ

ಕಳೆದ ತಿಂಗಳು ನನ್ನ ಲ್ಯಾಪ್‌ಟಾಪಿನ ಡಿಸ್ಕ್ ಭರ್ತಿಯಾದಾಗ, ಜಾಗವೆಲ್ಲ ಎಲ್ಲಿ ಹೋಯಿತೆಂದು ಹುಡುಕುತ್ತ ಡಾಟ್ ಕ್ಯಾಶ್ ಫೋಲ್ಡರಿನೊಳಗಿನ ಪೈಪೊಯೆಟ್ರಿ ಎಂಬ ಫೋಲ್ಡರಿಗೆ ಬಂದು ನಿಂತೆ. ಪೈಥಾನ್ ಕೆಲಸಗಳಿಗೆ ಬೇಕಾದ ಪ್ಯಾಕೇಜುಗಳನ್ನು ನಿರ್ವಹಿಸಲು ನಾನು ಬಳಸುವ ಪೊಯೆಟ್ರಿ ಎಂಬ ಸಾಧನ, ಬೇರೆ ಸೂಚನೆ ಕೊಡದಿದ್ದರೆ, ಲಿನಕ್ಸಿನಲ್ಲಿ ವರ್ಚುವಲ್ ಎನ್ವಿರಾನ್ಮೆಂಟ್‌ಗಳನ್ನು (ಅಂದರೆ ಪ್ರತಿ ಪ್ರಾಜೆಕ್ಟಿನ ಪೈಥಾನ್ ಮತ್ತು ಪ್ಯಾಕೇಜುಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರುಗಳನ್ನು) ಅಲ್ಲಿಯೇ ಇಡುತ್ತದೆ. ಅಲ್ಲಿ ಒಂದೇ ಪ್ರಾಜೆಕ್ಟಿನ ಹೆಸರು ಹೊತ್ತ ನಾಲ್ಕು ಎನ್ವಿರಾನ್ಮೆಂಟ್‌ಗಳಿದ್ದವು.

ಕಾರಣ ಆ ಹೆಸರಿನಲ್ಲೇ ಇತ್ತು. ಪ್ರಾಜೆಕ್ಟಿನ ಹೆಸರು, ಅದರ ಫೋಲ್ಡರ್ ಇರುವ ಪಾತ್‌ನಿಂದ ಲೆಕ್ಕಹಾಕಿದ ಹ್ಯಾಶ್ ಎಂಬ ಅಕ್ಷರಗುಚ್ಛ, ಪೈಥಾನ್ ಆವೃತ್ತಿ ಇವು ಮೂರೂ ಸೇರಿ ಎನ್ವಿರಾನ್ಮೆಂಟಿನ ಹೆಸರಾಗುತ್ತವೆ. ಆದ್ದರಿಂದ ನಾನು ಫೋಲ್ಡರನ್ನು ಬೇರೆಡೆಗೆ ಸರಿಸಿದಾಗಲೆಲ್ಲ ಹೊಸದೊಂದು ಹುಟ್ಟಿ, ಹಳೆಯದು ಹಾಗೆಯೇ ಉಳಿದಿತ್ತು. ಹೊಸ ಜಾಗದಲ್ಲಿ ನಿಂತು 'ಪೊಯೆಟ್ರಿ ಎನ್ವ್ ಲಿಸ್ಟ್' ಎಂಬ ಕಮಾಂಡ್ ಕೊಟ್ಟರೆ ಹಳೆಯವು ಕಾಣಿಸುವುದೂ ಇಲ್ಲ. ಅವನ್ನು ಕೈಯಾರೆ ಅಳಿಸಬೇಕಾಯಿತು.

ಈಗ 'ವರ್ಚುವಲ್‌ಎನ್ವ್ಸ್ ಡಾಟ್ ಇನ್-ಪ್ರಾಜೆಕ್ಟ್' ಎಂಬ ಸೆಟ್ಟಿಂಗನ್ನು 'ಟ್ರೂ' ಮಾಡಿದ್ದೇನೆ. ಎನ್ವಿರಾನ್ಮೆಂಟ್ ಪ್ರಾಜೆಕ್ಟಿನ ಮೂಲ ಫೋಲ್ಡರಿನಲ್ಲೇ ಡಾಟ್ ವೆನ್ವ್ ಎಂಬ ಫೋಲ್ಡರಾಗಿ ಕೂರುತ್ತದೆ, ಪ್ರಾಜೆಕ್ಟನ್ನು ಅಳಿಸಿದರೆ ಅದೂ ಹೋಗುತ್ತದೆ. ಕಾನ್ಫಿಗ್ ಕಮಾಂಡಿಗೆ 'ಲೋಕಲ್' ಆಯ್ಕೆಯನ್ನು ಸೇರಿಸುವುದನ್ನು ಮಾತ್ರ ಮರೆಯಬಾರದು. ಅದನ್ನು ಸೇರಿಸಿದರೆ ಸೆಟ್ಟಿಂಗ್ ನಮ್ಮೊಬ್ಬರ ಯಂತ್ರಕ್ಕೆ ಸೀಮಿತವಾಗದೆ ಪ್ರಾಜೆಕ್ಟಿನ ಪೊಯೆಟ್ರಿ ಡಾಟ್ ಟಾಮಲ್ ಕಡತದಲ್ಲಿ ದಾಖಲಾಗುತ್ತದೆ, ಕೋಡ್ ಹಂಚಿಕೊಳ್ಳುವ ಗಿಟ್ ಮೂಲಕ ತಂಡದ ಎಲ್ಲರಿಗೂ ತಲುಪುತ್ತದೆ. ಜೊತೆಗೆಲಸದವರ ಯಂತ್ರದಲ್ಲೂ ಎನ್ವಿರಾನ್ಮೆಂಟ್ ಅದೇ ಜಾಗದಲ್ಲಿದೆ ಎಂಬ ಖಾತ್ರಿ ನನಗೆ ಡಿಸ್ಕಿನ ಜಾಗಕ್ಕಿಂತ ದೊಡ್ಡದು. ಪಿಪ್‌ಎನ್ವ್ ಎಂಬ ಇಂಥದೇ ಇನ್ನೊಂದು ಸಾಧನವನ್ನು ಬಳಸುವವರು ಇದಕ್ಕೆ 'ಪಿಪ್‌ಎನ್ವ್ ವೆನ್ವ್ ಇನ್ ಪ್ರಾಜೆಕ್ಟ್' ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ಲಿಗೆ 1 ಎಂದು ಕೊಡಬೇಕು. ಯುವಿ ಎಂಬ ಸಾಧನದಲ್ಲಂತೂ ಡಾಟ್ ವೆನ್ವ್ ಮೊದಲಿನಿಂದಲೂ ರೂಢಿ.

ಹಳೆಯ ಎನ್ವಿರಾನ್ಮೆಂಟನ್ನೇ ಎತ್ತಿ ಹೊಸ ಜಾಗಕ್ಕೆ ಇಡಬಹುದಲ್ಲವೇ ಎಂದು ನನಗೂ ಅನಿಸಿತ್ತು. ಅದು ಸರಿಯಲ್ಲ. ಬಿನ್ ಫೋಲ್ಡರಿನ ಸ್ಕ್ರಿಪ್ಟುಗಳ ಮೊದಲ ಸಾಲಿನಲ್ಲಿಯೇ ಪೈಥಾನಿನ ಪೂರ್ಣ ಪಾತ್ ಬರೆದಿರುವುದರಿಂದ, ಜಾಗ ಬದಲಾದೊಡನೆ ಅವು ಇಲ್ಲದ ಪೈಥಾನನ್ನು ಹುಡುಕುತ್ತವೆ. ಪ್ಯಾಕೇಜುಗಳ ನಿಖರ ಆವೃತ್ತಿಗಳನ್ನು ದಾಖಲಿಸುವ ಲಾಕ್ ಕಡತವಿದ್ದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಸುಲಭ.

ಡಾಟ್ ವೆನ್ವ್ ಅನ್ನು ಗಿಟ್‌ಇಗ್ನೋರ್ ಕಡತದಲ್ಲಿ ಸೇರಿಸಿ, ಆಗ ಗಿಟ್ ಅದನ್ನು ಕಡೆಗಣಿಸುತ್ತದೆ. ಪ್ರೋಗ್ರಾಮನ್ನು ಇಮೇಜ್ ಎಂಬ ಪೊಟ್ಟಣವಾಗಿ ಕಟ್ಟುವ ಡಾಕರ್ ಬಳಸುವವರು ಡಾಕರ್‌ಇಗ್ನೋರಿನಲ್ಲೂ ಸೇರಿಸಬೇಕು, ಇಲ್ಲವಾದರೆ ಮ್ಯಾಕ್‌ನಲ್ಲಿ ಸಿದ್ಧವಾದ ಪ್ಯಾಕೇಜುಗಳು ಲಿನಕ್ಸ್ ಇಮೇಜಿನೊಳಗೆ ನುಸುಳುತ್ತವೆ. ಕ್ಲೌಡಿಗೆ ಸಿಂಕ್ ಆಗುವ ಫೋಲ್ಡರಿನಲ್ಲಿರುವ ನನ್ನ ಒಂದು ಪ್ರಾಜೆಕ್ಟಿಗೆ ಮಾತ್ರ ಈ ಕ್ರಮವನ್ನು ಕೈಬಿಟ್ಟಿದ್ದೇನೆ. ಸಾವಿರಾರು ಸಣ್ಣ ಕಡತಗಳು ಸಿಂಕ್‌ಗೆ ಹೊರೆಯಾಗುವುದರಿಂದ, ಅಲ್ಲಿ 'ವರ್ಚುವಲ್‌ಎನ್ವ್ಸ್ ಡಾಟ್ ಪಾತ್' ಎಂಬ ಸೆಟ್ಟಿಂಗಿನ ಮೂಲಕ ಎನ್ವಿರಾನ್ಮೆಂಟನ್ನು ಬೇರೆ ಡಿಸ್ಕಿನಲ್ಲಿ ಇರಿಸಿದ್ದೇನೆ.