ಗ್ರಾಮ್ ಸ್ಟೇನ್‌ನಲ್ಲಿ ಆಲ್ಕೋಹಾಲ್ ಬೀಳುವ ಹೊತ್ತು

ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಬಣ್ಣ ಹಾಕಿ ಬ್ಯಾಕ್ಟೀರಿಯಾವನ್ನು ಎರಡು ಗುಂಪಾಗಿ ವಿಂಗಡಿಸುವ ಗ್ರಾಮ್ ಸ್ಟೇನ್ ಇಲ್ಲದೆ ನಮಗೆ ದಿನ ಮುಗಿಯುವುದಿಲ್ಲ. ಮೊದಲು ನೇರಳೆ ಬಣ್ಣದ ಕ್ರಿಸ್ಟಲ್ ವೈಲೆಟ್, ಆಮೇಲೆ ಅಯೋಡಿನ್, ಆಲ್ಕೋಹಾಲ್, ಕೊನೆಗೆ ಗುಲಾಬಿ ಬಣ್ಣ ಕೊಡುವ ಸಾಫ್ರಾನಿನ್. ಟ್ರೈನಿಂಗಿಗೆ ಬರುವ ಹುಡುಗರು ನಾಲ್ಕಕ್ಕೂ ಒಂದೇ ಬೆಲೆ ಕೊಡುತ್ತಾರೆ. ನನ್ನ ಪ್ರಕಾರ ಅದರಲ್ಲಿ ನಿಜವಾದ ಪರೀಕ್ಷೆ ಆಲ್ಕೋಹಾಲ್ ಮಾತ್ರ.

ಅಯೋಡಿನ್ ಹಾಕುವವರೆಗೂ ಸ್ಲೈಡಿನಲ್ಲಿ ಎಲ್ಲವೂ ನೇರಳೆಯೇ. ಆಲ್ಕೋಹಾಲ್ ಬಿದ್ದಾಗ ಬ್ಯಾಕ್ಟೀರಿಯಾದ ಗೋಡೆಯ ಬಂಡವಾಳ ಬಯಲಾಗುತ್ತದೆ. ಸ್ಟ್ಯಾಫಿಲೋಕಾಕಸ್‌ನಂಥವಕ್ಕೆ ಪೆಪ್ಟಿಡೋಗ್ಲೈಕ್ಯಾನ್ ಎಂಬ ಜಾಲದ ಗೋಡೆ ದಪ್ಪ, 20 ನ್ಯಾನೋಮೀಟರಿಗೂ ಜಾಸ್ತಿ. ಆಲ್ಕೋಹಾಲ್ ಅದರ ನೀರು ತೆಗೆದು ಬಿಗಿ ಮಾಡುತ್ತದೆ, ನೇರಳೆ ಒಳಗೇ ಸಿಕ್ಕಿಬೀಳುತ್ತದೆ. ಇವು ಗ್ರಾಮ್ ಪಾಸಿಟಿವ್. ಇ. ಕೋಲಿ ಬ್ಯಾಕ್ಟೀರಿಯಾದ ಗೋಡೆ ಕೆಲವೇ ನ್ಯಾನೋಮೀಟರ್. ಅದರ ಹೊರಗೆ ಕೊಬ್ಬಿನ ಇನ್ನೊಂದು ಪೊರೆ ಇದೆ. ಆಲ್ಕೋಹಾಲ್ ಆ ಪೊರೆಯನ್ನು ಕೆಡಿಸಿದ ಮೇಲೆ ತೆಳು ಗೋಡೆಯಿಂದ ಬಣ್ಣ ಸೋರಿಹೋಗುತ್ತದೆ. ಸಾಫ್ರಾನಿನ್ ಹಾಕಿದರೆ ಗುಲಾಬಿ. ಇದು ಗ್ರಾಮ್ ನೆಗೆಟಿವ್.

ಎಲ್ಲಾ ಸೆಕೆಂಡುಗಳ ಆಟ. ಜಾಸ್ತಿ ಹೊತ್ತು ಬಿಟ್ಟರೆ ದಪ್ಪ ಗೋಡೆಯದೂ ಗುಲಾಬಿ. ಬೇಗ ತೊಳೆದರೆ ಇ. ಕೋಲಿಯೂ ನೇರಳೆ. ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) ಹಳೆಯದಾಗಿದ್ದರೆ ಗೋಡೆಯೇ ಸವೆದು, ನೇರಳೆ ಗುಲಾಬಿ ಎರಡೂ ಬೆರೆತು ಕಾಣುತ್ತದೆ.

ಹಾಗೆ ಅನುಮಾನ ಬಂದಾಗ ನನಗಿಷ್ಟದ ಒಂದು ಉಪಾಯವಿದೆ. ಸ್ಲೈಡಿನ ಮೇಲೆ 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ. ಅದರಲ್ಲಿ ಬ್ಯಾಕ್ಟೀರಿಯಾದ ಕಾಲೊನಿಯನ್ನು, ಅಂದರೆ ಬೆಳೆದ ಗುಂಪನ್ನು, ಲೂಪಿನಿಂದ (ತಂತಿಯ ಕುಣಿಕೆ) ಚೆನ್ನಾಗಿ ಕಲಸಿ, ನಿಧಾನ ಮೇಲೆತ್ತಬೇಕು. ಗ್ರಾಮ್ ನೆಗೆಟಿವ್ ಆದರೆ ಅರ್ಧ ನಿಮಿಷದೊಳಗೆ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ. ತೆಳು ಗೋಡೆ ಒಡೆದು ಒಳಗಿನ ಡಿಎನ್‌ಎ ಹೊರಬಂದದ್ದು ಅದು! ಪಾಸಿಟಿವ್ ಆದರೆ ಏನೂ ಆಗುವುದಿಲ್ಲ, ಸುಮ್ನೆ ನೀರು ನೀರಾಗಿರುತ್ತದೆ.

ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ 1884ರಲ್ಲಿ ಈ ವಿಧಾನ ಪ್ರಕಟಿಸಿದಾಗ ಅವರಿಗೆ ಗೋಡೆಯ ವಿಷಯ ಏನೂ ಗೊತ್ತಿರಲಿಲ್ಲ. ಬರ್ಲಿನ್ನಿನಲ್ಲಿ ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಲಿ ಅಂತ ಮಾಡಿದ್ದಷ್ಟೇ. ಟೈಫಾಯ್ಡ್ ಬ್ಯಾಕ್ಟೀರಿಯಾ ಬಣ್ಣ ಬಿಟ್ಟುಕೊಟ್ಟದ್ದು ಅವರ ಕಣ್ಣಿಗೆ ವಿಧಾನದ ಕೊರತೆ. ಈಗ ನಮಗೆ ಬೇಕಿರುವುದು ಅದೇ ಕೊರತೆ, ಅಲ್ವಾ?

ಯಾಕೆಂದರೆ ಕಲ್ಚರ್ ರಿಪೋರ್ಟ್ ಬರುವ ಮುಂಚೆ ಡಾಕ್ಟರ್ ಫೋನ್ ಮಾಡಿ ಕೇಳುವುದು ಇದನ್ನೇ, ನೇರಳೆಯೋ ಗುಲಾಬಿಯೋ ಅಂತ. ಗುಲಾಬಿ ಕಡ್ಡಿ (ಕಡ್ಡಿಯಾಕಾರದ ಬ್ಯಾಕ್ಟೀರಿಯಾ) ಅಂದರೆ ಆ ಹೊರ ಪೊರೆ ಇದೆ ಅಂತ ಅರ್ಥ. ವ್ಯಾಂಕೋಮೈಸಿನ್ ಎಂಬ ಆಂಟಿಬಯೋಟಿಕ್ ಗಾತ್ರದಲ್ಲಿ ದೊಡ್ಡ ಅಣು, ಆ ಪೊರೆ ದಾಟುವುದಿಲ್ಲ. ಅದೇ ಪೊರೆಯಲ್ಲಿರುವ ಲಿಪೋಪಾಲಿಸ್ಯಾಕರೈಡ್ ರಕ್ತಕ್ಕೆ ಸೇರಿದರೆ ಜ್ವರ ಏರುತ್ತದೆ, ಬಿಪಿ ಕುಸಿಯಬಹುದು. ಹಾಗಾಗಿ ರಕ್ತದ ಕಲ್ಚರಿನಲ್ಲಿ ಗುಲಾಬಿ ಕಡ್ಡಿ ಕಂಡರೆ ನಾವು ರಿಪೋರ್ಟ್ ಟೈಪ್ ಮಾಡುತ್ತಾ ಕೂರುವುದಿಲ್ಲ, ಮೊದಲು ವಾರ್ಡಿಗೆ ಫೋನ್.

ಇನ್ನು ಗೋಡೆಯೇ ಇಲ್ಲದ ಮೈಕೋಪ್ಲಾಸ್ಮಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಪೆನಿಸಿಲಿನ್ ಕೆಡಿಸುವುದು ಗೋಡೆ ಕಟ್ಟುವ ಕೆಲಸವನ್ನು. ಇಲ್ಲದ ಗೋಡೆಗೆ ಅದೇನು ಮಾಡೀತು? ಡಾಕ್ಟರುಗಳು ಅಜಿಥ್ರೋಮೈಸಿನ್ ಅಥವಾ ಡಾಕ್ಸಿಸೈಕ್ಲಿನ್ ಬರೆಯುತ್ತಾರೆ. ಗ್ರಾಮ್ ಸ್ಟೇನ್‌ನಲ್ಲಂತೂ ಅದು ಕಾಣುವುದೇ ಇಲ್ಲ. ಅದಕ್ಕೆ ಡಿಎನ್ಎ ಹುಡುಕುವ ಪಿಸಿಆರ್ ಥರದ ಬೇರೆ ಟೆಸ್ಟೇ ಬೇಕು.